ಐದು ಟೀಮ್, ಒಂಬತ್ತು ಮಂದಿ ಸೇಮ್

ಫ್ಯಾಂಟಸಿ ಕ್ರಿಕೆಟ್‌ದಾಗ, ಅಂದ್ರ ಖರೇ ಮ್ಯಾಚ್‌ದ ಆಟಗಾರರನ್ನ ಆರಿಸಿ ಹನ್ನೊಂದು ಮಂದಿ ಟೀಮ್ ಕಟ್ಟಿ ಅವ್ರ ಆಟದ ಮ್ಯಾಲ ಪಾಯಿಂಟ್ ಗಳ್ಸೋ ಆಟದಾಗ, ಒಂದೇ ಮ್ಯಾಚ್‌ಗೆ ಐದು ಟೀಮ್ ಮಾಡೀನಿ, ಐದ್ರಾಗೂ ಒಂಬತ್ತು ಮಂದಿ ಅವ್ರೇ ಅದಾರ, ಎಲ್ಲಾ ಒಮ್ಮೆಗೇ ಮುಳುಗ್ತಾವ ಅಂತ ಕೇಳೀರಲ್ಲ ಅಣ್ಣಾ, ಅದು ಐದು ಟೀಮ್ ಅಲ್ರಿ, ಒಂದೇ ಟೀಮ್‌ಗೆ ಐದು ಅಂಗಿ ತೊಡ್ಸಿದಂಗ. ನಾನೂ ಹಿಂಗೇ ಮಾಡ್ತಿದ್ದೆ, ಕಲಬುರಗಿ ಸೂಪರ್ ಮಾರ್ಕೆಟ್‌ದಾಗ ಚಾ ಕುಡ್ಕೋತ, ಟಾಸ್ ಆದ್ಮ್ಯಾಲ ಗಡಿಬಿಡಿಲೆ ಮೊದಲ್ನೇ ಟೀಮ್‌ನ್ನೇ ಕಾಪಿ ಹೊಡ್ದು ಇಬ್ರನ್ನ ಬದಲಿ ಮಾಡೋದು, ಓಪನರ್ ಸೊನ್ನೆಗೆ ಹೋದ ಅಂದ್ರ ಐದೂ ಖಲಾಸ್.

ಈಗ ಐದಾರು ಮಂದೀನ ಅಷ್ಟೇ ಎಲ್ಲಾದ್ರಾಗೂ ಇಡ್ತೀನಿ. ಉಳ್ದೋರನ್ನ ಮ್ಯಾಚ್ ಹೆಂಗ್ ಹೋಗ್ತದ ಅನ್ನೋದ್ರ ಮ್ಯಾಲ ಆರಿಸ್ರಿ, ಮೊದಲ್ ಬ್ಯಾಟಿಂಗ್ ಮಾಡೋರು 200 ಹೊಡೀತಾರ ಅಂತ ಒಂದ್ ಟೀಮ್ ಕಟ್ಟಿದ್ರ ಅವ್ರ ಟಾಪ್ ಆರ್ಡರ್‌ದಾಗ ಮೂವರು ಬೇಕು, ಎದುರಿನವ್ರ ಬೌಲರ್ ಕಡಿಮಿ, ಇನ್ನೊಂದ್ರಾಗ ಅವ್ರೇ 120ಕ್ಕ ಆಲೌಟ್ ಅಂತ ಉಲ್ಟಾ ಕಟ್ರಿ. ಬರೇ ಬದಲಿ ಮಾಡ್ಬೇಕಂತ ಬೌಲಿಂಗೂ ಸಿಗದ ಎಂಟನೇ ನಂಬರ್‌ದವನ್ನ ತುಂಬಬ್ಯಾಡ್ರಿ ಮತ್ತ.

ಕ್ಯಾಪ್ಟನ್ ಅಂತೂ ಐದ್ರಾಗೂ ಒಬ್ನೇ ಬ್ಯಾಡ. ಅಂವಂಗ ಪಾಯಿಂಟ್ ಡಬಲ್, ವೈಸ್ ಕ್ಯಾಪ್ಟನ್‌ಗೆ ಒಂದೂವರೆ ಪಟ್ಟು, 80 ಪಾಯಿಂಟ್‌ದವ ಕ್ಯಾಪ್ಟನ್ ಆದ್ರ 160, ಅಂದ್ರ ಅದೇ ಹನ್ನೊಂದು ಮಂದಿ ಇದ್ರೂ ಟೀಮ್ ಬ್ಯಾರೇನೇ. ದೋಸ್ತರ ಹತ್ತು ಮಂದಿ ಫ್ರೀ ಲೀಗ್ ಇದ್ರ ಇಷ್ಟೆಲ್ಲಾ ತಲಿ ಕೆಡಿಸ್ಕೋಬ್ಯಾಡ್ರಿ, ಎರಡು ಟೀಮ್ ಸಾಕು.