ನೀರಿನ ಬಲೆ: ಮೊದಲು ಹೊರಗಾಲುವೆ, ಆಮೇಲೆ ತೊಟ್ಟಿ

ಮುಂಬಯಿ, ಪುಣೆ, ಗೋವಾದ ಓದುಗರಿಂದ ಈ ಸಲ ಬಂದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ವಿಷಯದವು: ಡ್ವಾರ್ಫ್ ಫೋರ್ಟ್ರೆಸ್ ಆಟದಲ್ಲಿ ಮುತ್ತಿಗೆ ಹಾಕಿದ ಶತ್ರುವನ್ನು ನೀರಲ್ಲಿ ಮುಳುಗಿಸುವುದು ಹೇಗೆ? ಟಾರ್ನ್ ಮತ್ತು ಜಾಕ್ ಆಡಮ್ಸ್ ಸೋದರರ ಈ ಆಟ 2006ರಿಂದ ಉಚಿತವಾಗಿ ಸಿಗುತ್ತಿದೆ. ಚಿತ್ರಗಳಿರುವ, ಹಣ ಕೊಟ್ಟು ಕೊಳ್ಳುವ ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ಬಂತು. ಕುಳ್ಳರ ಗುಂಪೊಂದು ಬೆಟ್ಟ ಕೊರೆದು ಕೋಟೆ ಕಟ್ಟುತ್ತದೆ. ಗಾಬ್ಲಿನ್ ಎಂಬ ದುಷ್ಟ ಜೀವಿಗಳು ದಂಡೆತ್ತಿ ಬರುತ್ತವೆ. ಕೆಳಗಿನ ಲೆಕ್ಕಗಳು ಎರಡೂ ಆವೃತ್ತಿಗಳಿಗೆ ಹೊಂದುತ್ತವೆ.

ಪ್ರಶ್ನೆ: ಹೆಬ್ಬಾಗಿಲ ದಾರಿಯನ್ನೇ ಮುಳುಗಿಸುವ ಬಲೆ ಮಾಡಬೇಕೆಂದಿದ್ದೇನೆ. ಎಷ್ಟು ಉದ್ದ ಬೇಕು, ಎಷ್ಟು ನೀರು ಬೇಕು, ಏನೇನು ಸಾಮಾನು? – ಓದುಗರು, ಡೊಂಬಿವಲಿ

ಬಲೆಯ ಉಪಾಯ ಇಷ್ಟು: ಹೆಬ್ಬಾಗಿಲ ಓಣಿಯೊಳಗೆ ಶತ್ರು ಬಂದಾಗ ಎರಡು ತುದಿಯ ಸೇತುವೆಗಳನ್ನು ಎತ್ತಿ ದಾರಿ ಮುಚ್ಚಿ, ತೊಟ್ಟಿಯ ನೀರನ್ನು ಒಳಗೆ ಬಿಡುವುದು. ಉದ್ದದಿಂದ ಶುರು ಮಾಡೋಣ. ಲಿವರ್ ಎಳೆದ ಮೇಲೆ ಸೇತುವೆ ಏಳುವುದಕ್ಕೆ 100 ಟಿಕ್ (ಆಟದ ಕಾಲದ ಅತಿ ಚಿಕ್ಕ ಅಳತೆ) ಹಿಡಿಯುತ್ತದೆ. ಅಷ್ಟರಲ್ಲಿ ಗಾಬ್ಲಿನ್ ಸುಮಾರು 10 ಚೌಕ ನಡೆದುಬಿಡುತ್ತದೆ. ಲಿವರ್ ಹತ್ತಿರ ಯಾವ ಕುಳ್ಳನೂ ಇಲ್ಲದಿದ್ದರೆ ಅವನು ಬರುವ ಹೊತ್ತನ್ನೂ ಇದಕ್ಕೆ ಸೇರಿಸಬೇಕು. ಆದ್ದರಿಂದ 30 ಚೌಕಕ್ಕಿಂತ ಗಿಡ್ಡ ಓಣಿ ಬೇಡ. ಅಗಲ 3 ಇರಲೇಬೇಕು, ಇಲ್ಲದಿದ್ದರೆ ವ್ಯಾಪಾರಿಗಳ ಬಂಡಿ ಒಳಗೆ ಬರುವುದಿಲ್ಲ. ಲಿವರ್‌ಗಳನ್ನು ಊಟದ ಹಾಲ್‌ನಲ್ಲೇ ಇಡಿ, ಅಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ.

ನೀರಿನ ಲೆಕ್ಕ ಸುಲಭ. ತುಂಬಿದ ಒಂದು ಚೌಕವೆಂದರೆ 7 ಪಾಲು ನೀರು. 3×30 ಓಣಿಯಲ್ಲಿ 90 ಚೌಕ, ಅಂದರೆ 630 ಪಾಲು. ತೊಟ್ಟಿಯನ್ನು ಓಣಿಯ ಪಕ್ಕದಲ್ಲಿ ಅದೇ ಅಂತಸ್ತಿನಲ್ಲಿ ತೋಡಿದರೆ ನೀರು ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. 10×10 ತೊಟ್ಟಿಯ 700 ಪಾಲು 190 ಚೌಕಕ್ಕೆ ಹರಡಿದರೆ ಚೌಕಕ್ಕೆ 4 ಪಾಲೂ ಪೂರ್ತಿ ಬರುವುದಿಲ್ಲ, ಗಾಬ್ಲಿನ್‌ಗಳು ಒದ್ದೆಯಾಗುತ್ತವೆ ಅಷ್ಟೇ. ತೊಟ್ಟಿ ಓಣಿಯ ನೆತ್ತಿಯ ಮೇಲೆಯೇ, ಒಂದು ಅಂತಸ್ತು ಎತ್ತರದಲ್ಲಿರಲಿ. ಅಳತೆ 5×30 ಇದ್ದರೆ 1,050 ಪಾಲು ಹಿಡಿಯುತ್ತದೆ. ಓಣಿ ಸೂರಿನವರೆಗೆ ತುಂಬಿ 420 ಪಾಲು ಮೇಲೆಯೇ ಉಳಿಯುತ್ತದೆ. ಸೂರು ಮುಟ್ಟುವುದು ಮುಖ್ಯ, ಏಕೆಂದರೆ ತಲೆಯ ಮೇಲೆ ತೆರಪಿದ್ದರೆ ಈಜು ಬಲ್ಲ ಪ್ರಾಣಿ ಬದುಕಿಕೊಳ್ಳುತ್ತದೆ.

ತೊಟ್ಟಿಯ ತಳದಲ್ಲಿ 3×10 ಜಾಗವನ್ನು ಕೆಳಗಿನ ಓಣಿಗೆ ತೆರೆದು, ಅಲ್ಲಿ ಒಳಕ್ಕೆ ಸರಿಯುವ ಬಗೆಯ ಸೇತುವೆ ಹಾಸಿ. ಮುಚ್ಚಿದ್ದಾಗ ಅದು ನೀರು ಹಿಡಿಯುವ ನೆಲ, ಸರಿದಾಗ ಎಲ್ಲ ನೀರೂ ಒಟ್ಟಿಗೆ ಬೀಳುತ್ತದೆ. ಇದೇ ಕೆಲಸಕ್ಕೆ ಹ್ಯಾಚ್‌ಗಳನ್ನು (ನೆಲದ ತೂತಿನ ಮುಚ್ಚಳಗಳನ್ನು) ಹಾಕುವವರಿದ್ದಾರೆ. ಹ್ಯಾಚ್ ತಕ್ಷಣ ತೆರೆಯುತ್ತದೆ, ನಿಜ. ಆದರೆ ಒಂದೊಂದು ಹ್ಯಾಚ್‌ಗೂ ಬೇರೆ ಬೇರೆ ಜೋಡಣೆ ಬೇಕು. ಸೇತುವೆ ಎಷ್ಟೇ ದೊಡ್ಡದಿದ್ದರೂ ಜೋಡಣೆ ಒಂದೇ. ನಮ್ಮ ಮತ ಸೇತುವೆಗೇ.

ಓಣಿಯ ಎರಡು ತುದಿಗೂ ಎತ್ತುವ ಸೇತುವೆ ಬೇಕು, ಎರಡನ್ನೂ ಒಂದೇ ಲಿವರ್‌ಗೆ ಜೋಡಿಸಿ. ಒಳಬಾಗಿಲನ್ನು ಮೊದಲೇ ಮುಚ್ಚಿಟ್ಟರೆ ಕೋಟೆಗೆ ದಾರಿಯಿಲ್ಲವೆಂದು ಶತ್ರು ಓಣಿಯೊಳಗೆ ಕಾಲಿಡದೆ ಹೊರಗೇ ಬೀಡುಬಿಡುತ್ತಾನೆ. ಎರಡೂ ತೆರೆದಿರಬೇಕು, ಎರಡೂ ಒಟ್ಟಿಗೆ ಮುಚ್ಚಬೇಕು.

ಲಿವರ್ ಕಟ್ಟಲು, ಜೋಡಿಸಲು ಬೇಕಾದ ಯಂತ್ರಭಾಗ, ಅಂದರೆ ಮೆಕ್ಯಾನಿಸಮ್ ಎಷ್ಟು? ಲಿವರ್ ಕಟ್ಟಲು 1, ಪ್ರತಿ ಜೋಡಣೆಗೆ 2. ಬಾಗಿಲುಗಳ ಲಿವರ್‌ಗೆ 5, ತೊಟ್ಟಿಯದಕ್ಕೆ 3, ಬಳಸಿದ ನೀರನ್ನು ಹೊರಹಾಕುವ ಹೊರಗಾಲುವೆಗೆ 3, ನದಿಯಿಂದ ನೀರು ಬಿಡುವ ತೂಬಿಗೆ 3. ಒಟ್ಟು 14. ನಾಲ್ಕು ಲಿವರ್‌ಗಳನ್ನೂ ನಾಲ್ಕು ಬಣ್ಣದ ಕಲ್ಲಿನ ಮೆಕ್ಯಾನಿಸಮ್‌ನಿಂದ ಕಟ್ಟಿ. ಲಿವರ್‌ಗೆ ಆ ಕಲ್ಲಿನ ಬಣ್ಣವೇ ಬರುವುದರಿಂದ ಮುತ್ತಿಗೆಯ ಗಡಿಬಿಡಿಯಲ್ಲಿ ತಪ್ಪಿದ್ದನ್ನು ಎಳೆಯುವ ಭಯವಿಲ್ಲ. ಜೋಡಣೆಯೆಲ್ಲ ತೊಟ್ಟಿ ಒಣಗಿರುವಾಗಲೇ ಮುಗಿಯಲಿ. ಜೋಡಿಸುವ ಕುಳ್ಳ ಸೇತುವೆಯ ಹತ್ತಿರಕ್ಕೆ ನಡೆದೇ ಹೋಗಬೇಕು, ಆಳ 4 ಪಾಲು ಮುಟ್ಟಿದರೆ ಅವನು ನೀರಿಗೆ ಇಳಿಯುವುದಿಲ್ಲ. ಕೆಲಸಗಾರರು ತೊಟ್ಟಿಗೆ ಹತ್ತಿಹೋದ ಮೆಟ್ಟಿಲನ್ನೂ ಗೋಡೆ ಹಾಕಿ ಮುಚ್ಚಿ. ಈಜುವ ಗಾಬ್ಲಿನ್ ಸೂರಿನ ತೆರಪಿನಿಂದ ತೊಟ್ಟಿಗೆ ಏರಿ, ಅದೇ ಮೆಟ್ಟಿಲಿಳಿದು ಕೋಟೆಯೊಳಗೆ ಬರಬಲ್ಲದು.

ಇಷ್ಟಕ್ಕೂ ಮೊದಲು ಹೊರಗಾಲುವೆ ತೋಡಿ. ನೀರು ತುಂಬುವ ಬಲೆಯನ್ನು ಯಾರೂ ಮಾಡಬಹುದು, ಖಾಲಿಯಾಗುವ ಬಲೆಯೇ ಎರಡನೆಯ ಮುತ್ತಿಗೆಗೆ ಒದಗುವುದು. ಓಣಿಯ ಒಂದು ಅಂತಸ್ತು ಕೆಳಗೆ ಸುರಂಗ ಮಾಡಿ, ಭೂಪಟದ ಅಂಚಿನವರೆಗೆ ಒಯ್ಯಿರಿ. ಅಂಚಿನ ಕೊನೆಯ ಚೌಕವನ್ನು ಅಗೆಯಲಾಗದು, ಆದರೆ ಆ ಬಂಡೆಯನ್ನು ನಯಗೊಳಿಸಿ ಕಿಂಡಿ ಕೆತ್ತಬಹುದು. ಕಿಂಡಿಯಿಂದ ನೀರು ಭೂಪಟದಾಚೆ ಹೋಗಿ ಇಲ್ಲವಾಗುತ್ತದೆ. ಮಣ್ಣಿನ ಪದರದಲ್ಲಿ ಇದು ಆಗದು, ಕಲ್ಲಿನ ಪದರಕ್ಕೇ ಇಳಿಯಬೇಕು. ಸುರಂಗ ತಯಾರಾದ ಮೇಲೆ ಓಣಿಯ ಪಕ್ಕದಲ್ಲಿ, ಬಂಡಿಗೆ ಅಡ್ಡವಾಗದ ಒಂದು ಗೂಡಿನಲ್ಲಿ ಮೂರು ತೂತು ತೆರೆದು ಜಾಲರಿ ಹಾಸಿ. ಸುರಂಗದ ಬಾಯಿಗೆ ತೂಬಿನ ಬದಲು ಎತ್ತುವ ಸೇತುವೆಯೇ ಇರಲಿ. ಕಾರಣ ಮುಂದಿನ ಒಂದು ಉತ್ತರದಲ್ಲಿದೆ.

ಪ್ರಶ್ನೆ: ಹೊರಗಾಲುವೆಯನ್ನು ಪಕ್ಕದ ನದಿಗೇ ಬಿಟ್ಟೆ. ಲಿವರ್ ಎಳೆದರೆ ನೀರು ಹೋಗುವ ಬದಲು ಇನ್ನಷ್ಟು ಬಂತು. – ಓದುಗರು, ಸಯನ್, ಮುಂಬಯಿ

ಮಳೆಗಾಲದಲ್ಲಿ ಸಮುದ್ರ ಉಬ್ಬರವಿದ್ದಾಗ ನಿಮ್ಮ ಸುತ್ತಮುತ್ತ ರಸ್ತೆಯ ನೀರು ಇಳಿಯದೆ ನಿಲ್ಲುವುದಕ್ಕೂ ಇದೇ ಕಾರಣ. ಮೋರಿಯ ಬಾಯಿ ಸಮುದ್ರದ ಮಟ್ಟಕ್ಕಿಂತ ಕೆಳಗಾದರೆ ನೀರು ಹೊರಗೆ ಹೋಗದು, ಸಮುದ್ರವೇ ಒಳಗೆ ಬರುತ್ತದೆ. ಅದಕ್ಕೇ ಮಹಾನಗರಪಾಲಿಕೆ ಹಾಜಿ ಅಲಿ, ಲವ್ ಗ್ರೋವ್, ಇರ್ಲಾ ಮುಂತಾದ ಕಡೆ ಪಂಪಿಂಗ್ ಸ್ಟೇಷನ್ ಕಟ್ಟಿದೆ. ಆಟದ ನದಿಯೂ 7 ಪಾಲು ತುಂಬಿ ನಿಂತಿರುತ್ತದೆ, ಅದರ ಮಟ್ಟಕ್ಕೆ ಅಥವಾ ಕೆಳಗೆ ಬಾಯಿಟ್ಟರೆ ನದಿಯೇ ನಿಮ್ಮ ಓಣಿಗೆ ನುಗ್ಗುತ್ತದೆ.

ಒಳ್ಳೆಯ ಪರಿಹಾರ ಭೂಪಟದ ಅಂಚಿನ ಕಿಂಡಿ. ಅದು ದೂರವೆನಿಸಿದರೆ ಕೆಳಗಿನ ಗುಹೆಗೆ ಇಳಿಸಿ. ಆದರೆ ಗುಹೆಯಿಂದ ಮೇಲೇರುವ ಪ್ರಾಣಿಗಳಿಗೂ ಅದೇ ದಾರಿ ಎಂಬುದು ನೆನಪಿರಲಿ. ನದಿಗೇ ಬಿಡಬೇಕೆಂದಿದ್ದರೆ ಪಂಪ್ ಬೇಕು. ಒಂದು ಸ್ಕ್ರೂ ಪಂಪಿಗೆ ಒಂದು ಬ್ಲಾಕ್, ಒಂದು ದೊಡ್ಡ ತಿರುಪು, ಒಂದು ಕೊಳವೆ. ಒಂದು ಅಂತಸ್ತು ಕೆಳಗಿನ ನೀರನ್ನು ಅದು ತನ್ನ ಮಟ್ಟಕ್ಕೆ ಎತ್ತುತ್ತದೆ. ಕುಳ್ಳನೊಬ್ಬ ಕೈಯಲ್ಲೇ ತಿರುಗಿಸಬಹುದು, ಇಲ್ಲವೇ 10 ಯೂನಿಟ್ ಶಕ್ತಿ ಕೊಡಬೇಕು. ಹರಿಯುವ ನೀರಿನಲ್ಲಿ ಕೂರಿಸಿದ ನೀರುಚಕ್ರ 100 ಯೂನಿಟ್ ಕೊಟ್ಟು 10ನ್ನು ತಾನೇ ತಿನ್ನುತ್ತದೆ. ಉಳಿದ 90ರಲ್ಲಿ ಪ್ರತಿ ಗೇರ್‌ಗೆ 5 ಕಳೆದರೂ ನಾಲ್ಕಾರು ಪಂಪ್ ಸರಾಗವಾಗಿ ನಡೆಯುತ್ತವೆ.

ಪ್ರಶ್ನೆ: ನದಿಯಿಂದ ಎರಡು ಅಂತಸ್ತು ಕೆಳಗೆ ತೊಟ್ಟಿ ಮಾಡಿದ್ದೆ. ಅದು ತುಂಬಿದ ಮೇಲೂ ನೀರು ನಿಲ್ಲದೆ ಮೆಟ್ಟಿಲ ಮೇಲೇರಿ ಉಗ್ರಾಣ, ಮಲಗುವ ಕೋಣೆ ಎಲ್ಲ ಮುಳುಗಿತು. – ಓದುಗರು, ಪಿಂಪ್ರಿ, ಪುಣೆ

ಒತ್ತಡದ ಕೆಲಸವಿದು. 7 ಪಾಲು ತುಂಬಿದ ಚೌಕಗಳ ಸಾಲಿನುದ್ದಕ್ಕೂ ನೀರು ಒತ್ತಿಕೊಂಡು ಹೋಗಿ ಆಚೆ ತುದಿಯಲ್ಲಿ ಮೇಲೇಳುತ್ತದೆ. ಈ ಒತ್ತಡ ಉದ್ದ, ಅಗಲ, ಎತ್ತರದ ನೇರ ದಿಕ್ಕಿನಲ್ಲಿ ಮಾತ್ರ ಸಾಗುತ್ತದೆ, ಮೂಲೆಯಿಂದ ಮೂಲೆಗೆ ದಾಟುವುದಿಲ್ಲ. ಆದ್ದರಿಂದ ಕಾಲುವೆಯನ್ನು ಒಂದು ಕಡೆ ತುಂಡರಿಸಿ, ಎರಡು ತುಂಡುಗಳೂ ಬರೀ ಮೂಲೆಯಲ್ಲಿ ತಾಗುವಂತೆ ತೋಡಿ. ನೀರು ಅಲ್ಲಿಂದ ಹರಿಯುತ್ತದೆ, ಒತ್ತಡ ಮಾತ್ರ ಅಲ್ಲಿಗೇ ಮುಗಿಯುತ್ತದೆ. ತೊಟ್ಟಿ ತನ್ನ ಸೂರಿನವರೆಗೆ ತುಂಬಿ ನಿಲ್ಲುತ್ತದೆ. ಮೂಲೆ ಕತ್ತರಿಸಿದ ಜಾಗದಲ್ಲಿ ಹರಿವು ನಿಧಾನ, ತುಂಬಲು ಹೆಚ್ಚು ದಿನ ಬೇಕು. ಬೇಗ ತುಂಬಬೇಕಾದರೆ ಅಂಥ ಎರಡು ಮೂರು ಮೂಲೆ ಮಾಡಿ.

ತೂಬು ನದಿಯ ಪಕ್ಕದಲ್ಲೇ ಇರಲಿ. ಕಟ್ಟಿ, ಜೋಡಿಸಿ, ಒಮ್ಮೆ ತೆರೆದು ಮುಚ್ಚಿ ನೋಡಿದ ನಂತರವೇ ನದಿಯ ದಡ ಒಡೆಯಬೇಕು. ಕೊನೆಯ ಚೌಕವನ್ನು ಅದೇ ಅಂತಸ್ತಿನಿಂದ ಅಗೆದರೆ ಅಗೆದವನು ಕಾಲುವೆಯೊಳಗೇ ಕೊಚ್ಚಿಹೋಗುತ್ತಾನೆ. ಮೇಲಿನ ನೆಲದಲ್ಲಿ ನಿಂತು ಕೆಳಕ್ಕೆ ತೋಡುವಂತೆ ಆಜ್ಞೆ ಕೊಡಿ. ಚಳಿಗಾಲಕ್ಕೆ ನದಿ ಹೆಪ್ಪುಗಟ್ಟುವ ಸೀಮೆಯಾದರೆ ಆಗಲೇ ಒಡೆದುಬಿಡಿ, ಮಂಜು ಕರಗುವವರೆಗೆ ಪುರಸೊತ್ತು ಸಿಗುತ್ತದೆ.

ಪ್ರಶ್ನೆ: ನಮ್ಮ ಖಾಜನ್ ಗದ್ದೆಗಳ (ಒಡ್ಡು ಕಟ್ಟಿ ಉಪ್ಪುನೀರು ತಡೆದ ತಗ್ಗು ಹೊಲಗಳ) ಮಾನಸ್ ಬಾಗಿಲು ಭರತದ ನೀರು ಒತ್ತಿದಾಗ ತಾನೇ ಮುಚ್ಚಿ, ಇಳಿತಕ್ಕೆ ತಾನೇ ತೆರೆಯುತ್ತದೆ. ಆಟದಲ್ಲಿ ಹೀಗೆ ತಾನಾಗಿ ನಡೆಯುವ ತೂಬು ಸಾಧ್ಯವೇ? – ಓದುಗರು, ಮಡಗಾಂವ್, ಗೋವಾ

ನೀರಿನ ಆಳ ನೋಡಿ ನಡೆಯುವ ತೂಬು ಸಾಧ್ಯ. ತೊಟ್ಟಿಯ ಒಳಗೆ, ನೀರು ಬರುವ ಬಾಯಿಂದ ಅತಿ ದೂರದ ಮೂಲೆಯಲ್ಲಿ ಪ್ರೆಷರ್ ಪ್ಲೇಟ್ (ನೀರಿನ ಆಳ ಗುರುತಿಸಿ ಲಿವರ್‌ನ ಕೆಲಸವನ್ನು ತಾನೇ ಮಾಡುವ ಹಲಗೆ) ಇಡಿ. ನೀರಿನ ಆಳ 0ರಿಂದ 6 ಎಂದು ಗೊತ್ತುಮಾಡಿ ನದಿಯ ತೂಬಿಗೆ ಜೋಡಿಸಿ. ಆಳ 6ರವರೆಗೆ ತೂಬು ತೆರೆದಿರುತ್ತದೆ, 7 ಮುಟ್ಟಿ ಸ್ವಲ್ಪ ಹೊತ್ತಿಗೆ ಮುಚ್ಚುತ್ತದೆ. ಪ್ಲೇಟಿಗೆ 1, ಜೋಡಣೆಗೆ 2, ಒಟ್ಟು 3 ಮೆಕ್ಯಾನಿಸಮ್. ಪ್ಲೇಟ್ ಬಾಯಿಯ ಹತ್ತಿರವಿದ್ದರೆ ಆ ಒಂದು ಚೌಕ ತುಂಬಿದ ಕೂಡಲೇ ತೂಬು ಮುಚ್ಚಿ, ದೂರದ ಮೂಲೆಗಳು ಅರೆಬರೆ ಉಳಿಯುತ್ತವೆ.

ಆದರೆ ಬಲೆಯ ತೊಟ್ಟಿಗೆ ಇದೊಂದೇ ಸಾಲದು. ಮುತ್ತಿಗೆಯ ದಿನ ನೀರು ಓಣಿಗೆ ಬಿದ್ದ ಕೂಡಲೇ ಪ್ಲೇಟ್ ಆಳ ಕಡಿಮೆಯೆಂದು ತಿಳಿದು ನದಿಯನ್ನೇ ತೆರೆದುಬಿಡುತ್ತದೆ. ಆಮೇಲೆ ಹೊರಗಾಲುವೆ ಎಷ್ಟು ಹರಿದರೂ ಓಣಿ ಒಣಗುವುದಿಲ್ಲ. ಒಂದರ ಹಿಂದೊಂದು ಎರಡು ತೂಬು ಇಡಿ, ಒಂದು ಪ್ಲೇಟಿನದು, ಇನ್ನೊಂದು ಲಿವರ್‌ನದು. ಶತ್ರು ಕಂಡೊಡನೆ ಲಿವರ್‌ನ ತೂಬು ಮುಚ್ಚಲಿ. ಆಗ ಮೆಕ್ಯಾನಿಸಮ್ ಲೆಕ್ಕ 17ಕ್ಕೆ ಏರುತ್ತದೆ. ಬಂಡಿಯ ದಾರಿಯಲ್ಲಿ ಮಾತ್ರ ಪ್ಲೇಟ್ ಇಡಲೇಬೇಡಿ, ಬಂಡಿ ಅದನ್ನು ದಾಟುವುದಿಲ್ಲ.

ಪ್ರಶ್ನೆ: ಒಂದು ತೂಬನ್ನು ಟ್ರೋಲ್ (ಗಾಬ್ಲಿನ್‌ಗಳೊಡನೆ ಬರುವ ದೈತ್ಯ ಪ್ರಾಣಿ) ಮುರಿಯಿತು. ಇನ್ನೊಂದು ಲಿವರ್ ಎಳೆದರೂ ಮುಚ್ಚಲಿಲ್ಲ. – ಓದುಗರು, ಠಾಣೆ

ಬಾಗಿಲು, ತೂಬು, ಜಾಲರಿ ಎಲ್ಲವನ್ನೂ ಟ್ರೋಲ್ ಮುರಿಯಬಲ್ಲದು. ಎತ್ತಿದ ಸೇತುವೆಯನ್ನು ಮುರಿಯದು. ಶತ್ರು ತಲುಪಬಹುದಾದ ಕಡೆಯಲ್ಲೆಲ್ಲ ಸೇತುವೆ, ತಲುಪಲಾಗದ ಕಡೆ ಮಾತ್ರ ತೂಬು. ಮುಚ್ಚದ ತೂಬಿನ ಚೌಕದಲ್ಲಿ ಏನೋ ಬಿದ್ದಿರಬೇಕು. ಒಂದು ಕಾಲುಚೀಲ ಇದ್ದರೂ ಅದು ಮುಚ್ಚುವುದಿಲ್ಲ. ಸತ್ತವರ ಸಾಮಾನು ನೀರಿನೊಡನೆ ಸರಿದುಬರುವ ಜಾಗಕ್ಕೆ ತೂಬು ಹೊಂದದಿರುವುದಕ್ಕೆ ಇದೂ ಒಂದು ಕಾರಣ. ಓಣಿಯಲ್ಲಿ ಬಿದ್ದ ಸಾಮಾನಿಗೆ ನಿಷೇಧ ಹಾಕಿಡಿ. ಇಲ್ಲವಾದರೆ ಬಾಗಿಲು ತೆರೆದ ಕ್ಷಣವೇ ಕುಳ್ಳರು ಅದನ್ನು ಹೊತ್ತು ತರಲು ಓಡುತ್ತಾರೆ, ಎರಡನೆಯ ಪಡೆ ಹೊರಗೆ ಕಾದಿದ್ದರೆ ಅವರೇ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಶವಗಳ ಸೈನ್ಯ ಬಂದಾಗ ನೀರು ತುಂಬಿದರೂ ಒಂದೂ ಸಾಯಲಿಲ್ಲ. – ಓದುಗರು, ವಾಸ್ಕೋ, ಗೋವಾ

ಉಸಿರಾಡದವರು ಮುಳುಗಿ ಸಾಯುವುದಿಲ್ಲ. ಎದ್ದ ಶವಗಳು, ಕಂಚಿನ ದೈತ್ಯ, ಆಳದ ಎಷ್ಟೋ ಮೃಗಗಳು ಈ ಗುಂಪಿಗೆ ಸೇರುತ್ತವೆ. ಅದೇ ಓಣಿಗೆ ಲಾವಾ ಬಿಟ್ಟು ಮೇಲೆ ನೀರು ಸುರಿದರೆ ಎರಡೂ ಕೂಡಿ ಗಟ್ಟಿ ಅಬ್ಸಿಡಿಯನ್ ಬಂಡೆಯಾಗುತ್ತದೆ, ಒಳಗಿದ್ದವು ಅದರಲ್ಲೇ ಮುಗಿಯುತ್ತವೆ. ಓಣಿಯನ್ನು ಮತ್ತೆ ಅಗೆಯಬೇಕಾಗುತ್ತದೆ. ಲಾವಾ ತಾಗುವ ಸೇತುವೆ ಮತ್ತು ಅದರ ಮೆಕ್ಯಾನಿಸಮ್ ಕಬ್ಬಿಣ, ಉಕ್ಕು ಅಥವಾ ಬಾಕ್ಸೈಟ್‌ನದಾಗಿರಲಿ. ತಾಮ್ರ, ಕಂಚು ಕರಗಿಹೋಗುತ್ತವೆ.

ಪ್ರಶ್ನೆ: ನೀರು ಬಿಟ್ಟಾಗ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಆಟ ತೆವಳುತ್ತದೆ. – ಓದುಗರು, ಕೋಥ್ರೂಡ್, ಪುಣೆ

ಹರಿಯುವ ನೀರೇ ಭಾರ, ನಿಂತ ನೀರಲ್ಲ. ತೊಟ್ಟಿ ಅಂಚಿನವರೆಗೆ ತುಂಬಿರಲಿ. ಅರೆ ತುಂಬಿದ ತೊಟ್ಟಿಯಲ್ಲಿ ನೀರು ಚೌಕದಿಂದ ಚೌಕಕ್ಕೆ ಅಲೆದಾಡುತ್ತಲೇ ಇರುತ್ತದೆ. ಹೊರಗಾಲುವೆ ಅಗಲವಿದ್ದಷ್ಟೂ ಓಣಿ ಬೇಗ ಖಾಲಿಯಾಗುತ್ತದೆ. ಕೊನೆಗೆ ಉಳಿಯುವ 1 ಪಾಲಿನ ತೇವ ತಾನಾಗಿ ಆರಿಹೋಗುತ್ತದೆ, ಅದಕ್ಕೆ ಪಂಪ್ ಬೇಡ.