ಯಾರನ್ನು ಗಲ್ಲಿಗೆ ಹಾಕೋಣ, ಮೇಷ್ಟ್ರೇ?

ಪತ್ರ: ಮಗುವನ್ನು ಕೆಡಿಸಿ ಕೊಂದವನಿಗೆ ವಕೀಲ ಯಾಕೆ, ಮೇಲ್ಮನವಿ ಯಾಕೆ? ಕೊಂದವನನ್ನು ಕೊಲ್ಲಬೇಕು, ಅದೂ ತಿಂಗಳೊಳಗೆ. ಹೈದರಾಬಾದ್ ಪೊಲೀಸರು ಮಾಡಿದ್ದೇ ಸರಿ. ನಿಮ್ಮ ಪತ್ರಿಕೆ ಇದನ್ನು ಧೈರ್ಯವಾಗಿ ಬರೆಯಲಿ.
– ನಿವೃತ್ತ ಶಿಕ್ಷಕರೊಬ್ಬರು, ಅರಸೀಕೆರೆ

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಕೋಪ ನ್ಯಾಯವಾದದ್ದು. ಮಗುವನ್ನು ಕಳೆದುಕೊಂಡ ತಾಯಿಗೆ ಕ್ಷಮೆಯ ಪಾಠ ಹೇಳುವ ಹಕ್ಕು ಯಾರಿಗೂ ಇಲ್ಲ. ತಪ್ಪಿಗೆ ತಕ್ಕ ಶಿಕ್ಷೆ ಆಗಲೇಬೇಕು. ಆದರೆ ಅದು ತಪ್ಪು ಮಾಡಿದವನಿಗೇ ಆಗಬೇಕು ಅಲ್ವಾ? ನಿಮ್ಮ ಪತ್ರದಲ್ಲಿ ಈ ಮಾತೇ ಇಲ್ಲ.

2003ರಲ್ಲಿ ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯಲ್ಲಿ ಒಂದು ಬಡ ಕುಟುಂಬದ ಮೇಲೆ ಬಿದ್ದು ಐವರನ್ನು ಕೊಂದರು. ಅತ್ಯಾಚಾರವೂ ನಡೆಯಿತು. ಕೇಳಿದರೆ ರಕ್ತ ಕುದಿಯುವಂಥ ಕೃತ್ಯ. ಪೊಲೀಸರು ಅಲೆಮಾರಿ ಸಮುದಾಯದ ಆರು ಜನರನ್ನು ಹಿಡಿದರು. ಹೈಕೋರ್ಟು ಮೂವರ ಗಲ್ಲು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ಒಪ್ಪದೆ ಆರೂ ಜನರಿಗೆ ಗಲ್ಲೇ ಸರಿ ಎಂದಿತು. ನೀವು ಕೇಳುವ ನ್ಯಾಯ ಇದೇ ತಾನೆ? 2019ರಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಜನ ನಿರ್ದೋಷಿಗಳು ಎಂದು ಬಿಡುಗಡೆ ಮಾಡಿತು. ಬದುಕುಳಿದ ಹೆಂಗಸು ಪೊಲೀಸರ ಫೋಟೊ ಆಲ್ಬಂ ನೋಡಿ ಬೇರೆ ನಾಲ್ವರನ್ನು ಗುರುತಿಸಿದ್ದರು. ಆ ನಾಲ್ವರ ಬೆನ್ನು ಯಾರೂ ಹತ್ತಲಿಲ್ಲ. ಈ ಆರು ಮಂದಿಯ ಯೌವನ ಜೈಲಿನಲ್ಲೇ ಕಳೆಯಿತು. ಪರಿಹಾರ ತಲಾ 5 ಲಕ್ಷ. ತಿಂಗಳೊಳಗೆ ನೇಣು ಹಾಕಿದ್ದರೆ ಆ ದುಡ್ಡನ್ನು ಯಾರ ಕೈಗೆ ಕೊಡುತ್ತಿದ್ದರು?

ಹೈದರಾಬಾದ್ ವಿಷಯಕ್ಕೆ ಬರುತ್ತೇನೆ. ಪಶುವೈದ್ಯೆಯ ಅತ್ಯಾಚಾರ, ಕೊಲೆ ಪ್ರಕರಣದ ನಾಲ್ವರು ಆರೋಪಿಗಳನ್ನು 2019ರ ಡಿಸೆಂಬರ್ 6ರಂದು ಪೊಲೀಸರು ಗುಂಡಿಕ್ಕಿ ಕೊಂದಾಗ ಜನ ಪೊಲೀಸರ ಮೇಲೆ ಹೂವು ಎರಚಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದಾರೆ, 10 ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದಿತು. ಸತ್ತವರಲ್ಲಿ ಮೂವರು ಅಪ್ರಾಪ್ತರು ಎಂದೂ ಹೇಳಿತು. ಆ ವರದಿ ಓದಲು ಹೂವು ಎರಚಿದವರಿಗೆ ಪುರುಸೊತ್ತಿರಲಿಲ್ಲ. ಟಿವಿಯವರಿಗಂತೂ ಬೇಕಾಗಿಯೇ ಇರಲಿಲ್ಲ.

ಹಾಗಾದರೆ ಕ್ರೂರಿಗಳನ್ನು ಸುಮ್ನೆ ಬಿಡೋಣವಾ ಎಂದು ಕೇಳುತ್ತೀರಿ. ಖಂಡಿತ ಬೇಡ. ಬೆಂಗಳೂರಿನ ಶ್ರದ್ಧಾನಂದ ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತಿದ್ದ. ಗಲ್ಲು ಬೇಕೋ ಬೇಡವೋ ಎಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಬರಲಿಲ್ಲ. 2008ರಲ್ಲಿ ಮೂವರ ಪೀಠ ತೀರ್ಪು ಕೊಟ್ಟಿತು: ಸಾಯುವ ತನಕ ಜೈಲು, ವಿನಾಯಿತಿ ಇಲ್ಲ. ಸಮಾಜಕ್ಕೂ ರಕ್ಷಣೆ, ತಪ್ಪಾಗಿದ್ದರೆ ತಿದ್ದಲೂ ದಾರಿ. ಇದಕ್ಕಿಂತ ಜಾಸ್ತಿ ನಮಗೇನು ಬೇಕು?

ನನ್ನ ಸಿಟ್ಟು ಬೇರೆ ಕಡೆಗಿದೆ. ಎಲ್ಲೋ ಒಂದು ಘೋರ ಕೃತ್ಯ ನಡೆದು ಜನ ಬೀದಿಗಿಳಿದ ಕೂಡಲೇ ಸರ್ಕಾರ ಕಾನೂನಿಗೆ ಇನ್ನೊಂದು ಗಲ್ಲು ಸೇರಿಸುತ್ತದೆ. 2018ರಲ್ಲಿ 12 ವರ್ಷದೊಳಗಿನ ಹೆಣ್ಣುಮಕ್ಕಳ ಅತ್ಯಾಚಾರಕ್ಕೆ ಸೇರಿಸಿದರು. ಮರುವರ್ಷ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಗೂ ಬಂತು. ಇದಕ್ಕೆ ಬೊಕ್ಕಸದಿಂದ ಬಿಡಿಗಾಸೂ ಹೋಗುವುದಿಲ್ಲ. ಸಾಕ್ಷ್ಯ ಪರೀಕ್ಷಿಸುವ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸಿಬ್ಬಂದಿ, ತನಿಖೆಗೆ ಬಿಡುವಿರುವ ಪೊಲೀಸರು, ಸಾಕ್ಷಿಗೆ ರಕ್ಷಣೆ, ಬಡ ಆರೋಪಿಗೆ ಒಳ್ಳೆಯ ವಕೀಲ ಎಂದರೆ ಮಾತ್ರ ದುಡ್ಡಿಲ್ಲ. ಸಿಕ್ಕಿಬೀಳುವುದಿಲ್ಲ ಎಂಬ ನಂಬಿಕೆ ಇರುವವನು ನೇಣಿಗೆ ಯಾಕೆ ಹೆದರುತ್ತಾನೆ?

ಜೀವಮಾನವೆಲ್ಲ ಉತ್ತರ ಪತ್ರಿಕೆ ತಿದ್ದಿದವರು ನೀವು. ಒಬ್ಬ ಹುಡುಗನ ಅಂಕ ಇನ್ನೊಬ್ಬನಿಗೆ ಹೋದರೂ ಸಹಿಸದವರು. ಚುನಾವಣೆಗೆ ನಿಮ್ಮ ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯನ್ನು ಕೇಳಿ: ಜಿಲ್ಲೆಯಲ್ಲಿ ಸರ್ಕಾರಿ ಅಭಿಯೋಜಕರ (ಸರ್ಕಾರದ ಪರ ವಾದಿಸುವ ವಕೀಲರ) ಹುದ್ದೆ ಎಷ್ಟು ಖಾಲಿ ಇವೆ? ವಿಧಿವಿಜ್ಞಾನ ವರದಿ ಬರಲು ಎಷ್ಟು ತಿಂಗಳು ಬೇಕು? ಅವರು ಕೊಡುವ ಉತ್ತರ ನಮಗೆ ಕಳಿಸಿ. ಹೆಸರು ಸಮೇತ ಅಚ್ಚು ಹಾಕುತ್ತೇವೆ.