ಬೆಟಗೇರಿಯ ಟ್ರಂಕಿನೊಳಗಿನ ಯುದ್ಧ

ಪತ್ರ: ತೀರಿಹೋದ ನಮ್ಮ ಆಯಿಯ ಟ್ರಂಕಿನಲ್ಲಿ ಮೂರು ವಸ್ತು ಸಿಕ್ಕವು. ದೊಡ್ಡಪ್ಪನ 1944ರ ಜನವರಿಯ ಜಾತಕ, ಒಂದು ತೂತಿನ ದುಡ್ಡು, ಮನೆಯ ಮಗ್ಗದ ಸೀರೆ. ಜಾತಕದಲ್ಲಿ ಬೆಳಿಗ್ಗೆ 8.10 ಎಂದು ಬರೆದು, ಸೂರ್ಯೋದಯವಾಗಿ ಅರ್ಧ ಘಟಿ ಎಂದೂ ಬರೆದಿದೆ. ಎರಡೂ ಹೊಂದುವುದಿಲ್ಲ. ಸೀರೆಯ ಬಣ್ಣ ಎರಡು ಮೊಳದ ನಂತರ ಬದಲಾಗಿದೆ. ಯಾರಾದರೂ ಜೋಳದ ಹಗೇವು (ನೆಲದೊಳಗಿನ ಕಣಜ) ಕೆದಕಿದರೆ ಆಯಿ “ಲೆವಿಯವ್ರು ಬಂದಾರೇನು” ಅನ್ನುತ್ತಿದ್ದಳಂತೆ. ಬಾಂಬು ಬೀಳದ ಊರಿಗೆ ಎರಡನೇ ಮಹಾಯುದ್ಧ ಹೇಗೆ ಬಂತು?
— ಓದುಗರು, ಗದಗ-ಬೆಟಗೇರಿ

ಉತ್ತರ: ಮೊದಲು ಜಾತಕ. ಅದನ್ನು ತಿದ್ದಬೇಡಿ, ಬರೆದವರು ಸರಿಯಾಗಿಯೇ ಬರೆದಿದ್ದಾರೆ. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಸರ್ಕಾರ ದೇಶದ ಗಡಿಯಾರವನ್ನು ಒಂದು ತಾಸು ಮುಂದಿಟ್ಟಿತ್ತು. ಜನವರಿಯಲ್ಲಿ ಗದಗಿನ ಸೂರ್ಯೋದಯ ಹೆಚ್ಚುಕಡಿಮೆ 7ಕ್ಕೆ, ಯುದ್ಧದ ಗಡಿಯಾರದಲ್ಲಿ 8ಕ್ಕೆ. ಅರ್ಧ ಘಟಿ ಎಂದರೆ 12 ನಿಮಿಷ. ಲೆಕ್ಕ ಕೂಡಿತಲ್ಲ! ಈಗಿನ ಲೆಕ್ಕಕ್ಕೆ ಜನನ 7.10. ತಾಸು ಕಳೆಯದೆ ಜಾತಕ ಹಾಕಿಸಿದರೆ ಜನ್ಮಲಗ್ನ ಅರ್ಧ ರಾಶಿಯಷ್ಟು ಮುಂದೆ ಜಾರುತ್ತದೆ. ಆದರೆ ಕೆಲವು ಸಾಫ್ಟ್‌ವೇರ್ ತಾವೇ ತಾಸು ಕಳೆಯುತ್ತವೆ, ನೀವೂ ಕಳೆದರೆ ಎರಡು ಸಲ ಕಳೆದಂತಾಗುತ್ತದೆ. ಅದು ತೋರಿಸುವ ಸೂರ್ಯೋದಯ ನೋಡಿ. 8ರ ಹತ್ತಿರವಿದ್ದರೆ 8.10 ಎಂದೇ ಕೊಡಿ, 7ರ ಹತ್ತಿರವಿದ್ದರೆ 7.10.

ದುಡ್ಡಿನ ತೂತು ಉಡದಾರಕ್ಕೆ ಪೋಣಿಸಲೆಂದು ಮಾಡಿದ್ದಲ್ಲ, ಲೋಹದ ಉಳಿತಾಯ. ಮೊದಲಿನ ಕಾಲಾಣೆ ಸುಮಾರು 4.9 ಗ್ರಾಂ ಇತ್ತು. 1943ರಲ್ಲಿ ಬಂದ ಈ ತೂತಿನದು ಸುಮಾರು 2 ಗ್ರಾಂ. ಬೆಲೆ ಮಾತ್ರ ಅದೇ, ರೂಪಾಯಿಗೆ 64. ಬೆಳ್ಳಿ ರೂಪಾಯಿಯಲ್ಲೂ ಬೆಳ್ಳಿ 1940ರಲ್ಲೇ ಅರ್ಧಕ್ಕೆ ಇಳಿದಿತ್ತು.

ನಿಮ್ಮ ಟ್ರಂಕಿನ ನಿಜವಾದ ದಾಖಲೆ ಸೀರೆ. ಮಗ್ಗದವರ ಮನೆಯವರಾದ ನಿಮಗೆ ಗೊತ್ತಿದ್ದದ್ದೇ: ಹಾಸನ್ನು (ಉದ್ದದ ಎಳೆ) ಒಂದೇ ಸಲಕ್ಕೆ ಪೂರ್ತಿ ಹೂಡಬೇಕು, ಹೊಕ್ಕನ್ನು (ಅಡ್ಡ ಎಳೆ) ಲಾಳಿಯೊಳಗಿನ ಕಂಡಿಕೆ ಮುಗಿದಂತೆ ಬದಲಿಸಬಹುದು. ನೂಲು ಗಿರಣಿಯಿಂದ 10 ಪೌಂಡಿನ ಬಂಡಲ್ ಲೆಕ್ಕದಲ್ಲಿ ಬರುತ್ತಿತ್ತು. 40 ನಂಬರಿನ ಬಂಡಲ್ ಎಂದರೆ 400 ಲಡಿ (ನೂಲಿನ ಸುರುಳಿ), ಲಡಿಗೆ 840 ಗಜ; ನಂಬರು ಹೆಚ್ಚಿದಷ್ಟೂ ಎಳೆ ತೆಳು. ಗಿರಣಿಗಳಿಗೆ ಸೈನ್ಯದ ಬಟ್ಟೆಯ ಆರ್ಡರ್ ಸಿಕ್ಕಾಗ ನೂಲು ಅವರ ಮಗ್ಗಕ್ಕೇ ಹೋಯಿತು, ಕೈಮಗ್ಗಕ್ಕೆ ಉಳಿದದ್ದು ಕಡಿಮೆ. 1943ರ ಜೂನಿನ ಬಟ್ಟೆ-ನೂಲು ನಿಯಂತ್ರಣ ಆಜ್ಞೆ ಬೆಲೆ ಕಟ್ಟಿಹಾಕಿತು. ಬೆಲೆ ಕಟ್ಟಿದರೆ ನೂಲು ಹುಟ್ಟುತ್ತದೆಯೇ? ಇನ್ನು ಜರ್ಮನಿಯ ಬಣ್ಣ 1939ಕ್ಕೇ ನಿಂತಿತ್ತು. ಹಾಸು ಹೂಡಿಯಾದ ಮೇಲೆ ಹೊಕ್ಕಿನ ನೂಲು ತೀರಿದರೆ ಸಿಕ್ಕಿದ್ದನ್ನು ಲಾಳಿಗೆ ಹಾಕುವುದೊಂದೇ ದಾರಿ.

ಪರೀಕ್ಷೆ ಸುಲಭ. ಬಣ್ಣ ಬದಲಾದ ಕಡೆಯ ಆಚೆ-ಈಚೆ ಒಂದೊಂದು ಇಂಚಿನಲ್ಲಿ ಹೊಕ್ಕಿನ ಎಳೆ ಎಣಿಸಿ, ಭೂತಗನ್ನಡಿ ಬೇಕಾದೀತು. ಎಳೆ ಕಡಿಮೆಯಾಗಿ ಬಟ್ಟೆ ದಪ್ಪವಾಗಿದ್ದರೆ 40ರ ಬದಲು 20ರಂಥ ದಪ್ಪ ನೂಲು ಹೊಕ್ಕಿದೆ. ಹಾಸಿನಲ್ಲಿ ಹಾಗೆ ಮಾಡಲಾಗದು: 40ಕ್ಕೆ ಕಟ್ಟಿದ ಹಣಿಗೆಯಲ್ಲಿ (ಹಾಸಿನ ಎಳೆ ಹಾಯುವ ಬಾಚಣಿಗೆ) 20ರ ಎಳೆ ತಿಕ್ಕಿ ತಿಕ್ಕಿ ಹರಿಯುತ್ತದೆ. ಎಣಿಸಿ ಮುಗಿಯುವತನಕ ಸೀರೆ ಒಗೆಯಬೇಡಿ, ಯುದ್ಧಕಾಲದ ಬಣ್ಣವನ್ನು ನಂಬುವಂತಿಲ್ಲ.

ಲೆವಿಯ, ಅಂದರೆ ಸರ್ಕಾರದ ಧಾನ್ಯ ವಸೂಲಿಯ, ಬೇರು ಬರ್ಮಾದಲ್ಲಿದೆ. 1942ರ ಮಾರ್ಚಿನಲ್ಲಿ ರಂಗೂನು ಬಿತ್ತು, ಅಲ್ಲಿಯ ಅಕ್ಕಿ ನಿಂತಿತು. ಜೋಳ ಉಣ್ಣುವ ನಮಗೇನು ಅನ್ನುವಂತಿರಲಿಲ್ಲ. ಗದಗ ಸೇರಿದ್ದ ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತದಲ್ಲಿತ್ತು, ಮುಂಬೈಯ ಹೊಟ್ಟೆ ತುಂಬಿಸಬೇಕಿತ್ತು, ಪಕ್ಕದ ವಿಜಾಪುರದಲ್ಲಿ 1942-43ರಲ್ಲಿ ಬರ ಬೇರೆ. ಬೆಳೆದವರಿಂದ ಗೊತ್ತುಪಡಿಸಿದ ಬೆಲೆಗೆ ಕಡ್ಡಾಯವಾಗಿ ಧಾನ್ಯ ಅಳೆಸಿಕೊಳ್ಳುವುದೇ ಲೆವಿ. ಅದು ಯುದ್ಧದ ಜೊತೆ ಮುಗಿಯಲೂ ಇಲ್ಲ. 1943ರಲ್ಲಿ ಪಟ್ಟಣಗಳ ಪಡಿತರಕ್ಕೆ ಹೇಳಿದ ಅಳತೆ ತಲೆಗೆ ದಿನಕ್ಕೆ ಒಂದು ಪೌಂಡು, ಸುಮಾರು 450 ಗ್ರಾಂ. ಶಾಂತಿಕಾಲದ 1946ರಲ್ಲಿ ಅದು 12 ಔನ್ಸಿಗೆ, ಅಂದರೆ 340 ಗ್ರಾಮಿಗೆ ಇಳಿಯಿತು. ತೆಳ್ಳಗೆ ಬಡಿದರೆ ಐದು ರೊಟ್ಟಿ. ಆಯಿಯ ಸಿಟ್ಟು ಯಾವ ವರ್ಷದ್ದೋ, ಹಾಗಾಗಿ 1945ಕ್ಕೇ ಗೆರೆ ಎಳೆಯಬೇಡಿ.

ನಿಮ್ಮ ಮನೆತನಕ್ಕೆ ಹೊಲವಿದ್ದರೆ ತಹಶೀಲ್ದಾರ ಕಚೇರಿಯಲ್ಲಿ 1940ರಿಂದ 1946ರವರೆಗಿನ ಹಳೆಯ ಉತಾರ (ಪಹಣಿ) ಕೇಳಿ, ಬೆಳೆಯ ಕಾಲಂ ನೋಡಿ. ನಮ್ಮ ಹತ್ತಿ ಕೊಳ್ಳುತ್ತಿದ್ದ ಜಪಾನಿನ ಖರೀದಿ 1941ರ ಜುಲೈ ನಂತರ ನಿಂತಿತ್ತು. 1944ರಲ್ಲಿ ಮುಂಬೈ ಸರ್ಕಾರ ಆಹಾರಬೆಳೆ ಬೆಳೆಸಲು ಕಾಯದೆಯನ್ನೇ ತಂದಿತು. ಹತ್ತಿ ಇದ್ದ ಸರ್ವೆ ನಂಬರಿನಲ್ಲಿ ಜೋಳ ಬಂದ ವರ್ಷ ಯಾವುದೆಂದು ತಿಳಿದರೆ ನಮಗೂ ಬರೆಯಿರಿ.
— ಸಂ.